ಕಪ್ಪೋ, ಕಂದೋ

ಮನೆ, ಅಡುಗೆಮನೆಯ ಮೇಜು
ಬುಧವಾರ, ಮಧ್ಯಾಹ್ನ

ಪ್ರೀತಿಯ ಇವಳೇ,

ಹೇಗಿದ್ದೀಯ? ಕಾಲಿನ ಊತ ಇಳಿಯಿತೇ? ನಿನ್ನಮ್ಮನನ್ನು ಒಬ್ಬಳೇ ಎತ್ತಿ ಕೂರಿಸಬೇಡ, ಪಕ್ಕದ ಮನೆಯವರನ್ನು ಕೂಗು ಎಂದು ಹೋದ ಸಲವೇ ಬರೆದಿದ್ದೆ. ನೀನು ಕೂಗಿರುವುದಿಲ್ಲ, ನನಗೆ ಗೊತ್ತು. ಸೊಂಟ ಮುರಿದುಕೊಂಡು ಮಲಗಿದ್ದರೂ ಅತ್ತೆಯ ನಾಲಿಗೆಗೆ ಏನೂ ಆಗಿಲ್ಲ ಎಂದು ನೀನು ಬರೆದದ್ದನ್ನು ಓದಿ ಸಮಾಧಾನವಾಯಿತು. ಈಗಲೂ ನನ್ನನ್ನು ‘ಆ ಪೀಪಿ ಊದೋನು’ ಅಂತಲೇ ಕರೆಯುತ್ತಾರೆಯೇ? ಚರ್ಚುಗಳ ಪೈಪ್ ಆರ್ಗನ್ನಿಗೆ ಶ್ರುತಿ ಕೂಡಿಸುವುದು ಊದುವ ಕೆಲಸವಲ್ಲ ಎಂದು ಮದುವೆಯಾದ ದಿನದಿಂದ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಇರಲಿ, ಇನ್ನು ಮೇಲೆ ಅವರು ಹೇಗೆ ಕರೆದರೂ ನಡೆಯುತ್ತದೆ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಫೋನಾದರೂ ಮಾಡಬಾರದೇ ಎಂದು ಕೇಳಿದ್ದೀಯ. ಮಾರಾಯ್ತಿ, ಫೋನಿನಲ್ಲಿ ನಿನ್ನ ಮಾತು ನನಗೆ ತಗಡಿನ ಡಬ್ಬಿಯೊಳಗೆ ಕಾಳು ಅಲ್ಲಾಡಿಸಿದ ಹಾಗೆ ಕೇಳಿಸುತ್ತದೆ. ನೀನು ತವರಿಗೆ ಹೊರಟಾಗ ನನಗೆ ಏನಿದ್ದರೂ ಎರಡು ಸಲ ಹೇಳಬೇಕಿತ್ತು ಅಷ್ಟೆ. ಈಗ ಎದುರಿಗೆ ನಿಂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದರೆ ಮಾತ್ರ ತಿಳಿಯುತ್ತದೆ. ಬೆನ್ನ ಹಿಂದೆ ಹೇಳಿದ್ದೆಲ್ಲ ಗೋಡೆಗೆ ಹೇಳಿದ ಹಾಗೆ. ಕಿವಿಯ ಡಾಕ್ಟರು ಒಂದು ಯಂತ್ರ ಹಾಕಿ ಕಳಿಸಿದರು. ಅದರಲ್ಲಿ ಮನುಷ್ಯರ ಮಾತಿಗಿಂತ ಚಮಚದ ಸದ್ದೇ ಜೋರು. ಹೆಂಡತಿಯ ಬೈಗುಳ ತಪ್ಪಿಸಿಕೊಳ್ಳಲು ಒಳ್ಳೆಯ ಉಪಾಯ ಎಂದು ನೀನು ನಗಬಹುದು. ನಗು. ಯಾರಾದರೂ ಒಬ್ಬರು ನಗಲಿ.

ಈಗ ಮಗಳ ವಿಷಯಕ್ಕೆ ಬರುತ್ತೇನೆ. ಚಿಕ್ಕಂದಿನಲ್ಲಿ ಆರ್ಗನ್ನಿನ ಹಾಳಾದ ಕೊಳವೆಯೊಂದನ್ನು ಊದುತ್ತಾ ಮನೆಯೆಲ್ಲ ಓಡಾಡಿ ‘ಪೀಪಿ’ ಎಂದು ಹೆಸರು ಸಂಪಾದಿಸಿದ ನಮ್ಮ ಕೂಸಿಗೆ ಗಣಿತ ಓದಲು ಎರಡೂ ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಕ್ಕಿದ್ದು ನಿನಗೆ ಗೊತ್ತೇ ಇದೆ. ಯಾವುದು ಎಂದು ಶುಕ್ರವಾರದೊಳಗೆ ಹೇಳಬೇಕು. ಯಾವುದನ್ನು ಆರಿಸಲಿ ಎಂದು ಅವಳು ಈ ತಿಂಗಳೆಲ್ಲ ನನ್ನ ತಲೆ ತಿಂದಿದ್ದಾಳೆ. ಎರಡೂ ಕ್ಯಾಥೊಲಿಕ್. ದಿಬ್ಬದ ಮೇಲಿನದು ಕಪ್ಪು ನಿಲುವಂಗಿಯ ಗುರುಗಳದ್ದು, ಸೇತುವೆಯಾಚೆಯದು ಕಂದು ನಿಲುವಂಗಿಯವರದ್ದು. ನಮ್ಮ ಬಸ್ಸಿನ ದಾರಿಯ ಈ ಕೊನೆಗೆ ಅದು, ಆ ಕೊನೆಗೆ ಇದು, ನಡುವೆ ನಮ್ಮ ಮನೆ. ಕಪ್ಪಿನವರೂ ಮೊದಲ ವರ್ಷ ಹಾಸ್ಟೆಲಿನಲ್ಲೇ ಇರಬೇಕು ಎನ್ನುತ್ತಾರೆ, ಕಂದಿನವರೂ ಅದನ್ನೇ ಹೇಳುತ್ತಾರೆ. ಎರಡು ಹಾಸ್ಟೆಲಿಗೂ ಸಿಸ್ಟರುಗಳ ಕಾವಲು, ಕತ್ತಲಾಗುವ ಮೊದಲೇ ಗೇಟಿಗೆ ಬೀಗ. ಇಬ್ಬರ ಪುಸ್ತಿಕೆಯಲ್ಲೂ ಮರದ ಕೆಳಗೆ ಕೂತು ಪುಸ್ತಕ ನೋಡಿ ನಗುವ ಒಬ್ಬ ಹುಡುಗಿ. ಗಣಿತದ ಪುಸ್ತಕ ನೋಡಿ ಯಾರಾದರೂ ನಗುತ್ತಾರೆಯೇ ಎಂದು ನಾನು ಕೇಳಿದರೆ, ‘ಅದಲ್ಲ ಅಪ್ಪಾ, ಎರಡ್ರಲ್ಲೂ ಮರ ಒಂದೇ!’ ಎಂದು ಪೀಪಿ ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ಎಲೆ ಎಲೆ ಹೋಲಿಸಿದಳು.

ನನ್ನನ್ನು ಕೇಳಿದರೆ ನಾನು ಏನು ಹೇಳಲಿ? ಎರಡು ಕಡೆಯ ಪ್ರಾರ್ಥನಾಲಯದ ಆರ್ಗನ್ನುಗಳೂ ನನ್ನ ಕೈಯಲ್ಲೇ ಇದ್ದವು, ಎರಡನ್ನೂ ಕಟ್ಟಿದ್ದು ಒಂದೇ ಕಾರ್ಖಾನೆ. ಒಂದರಲ್ಲಿ ಇಲಿ ಜಾಸ್ತಿ, ಇನ್ನೊಂದರಲ್ಲಿ ಧೂಳು ಜಾಸ್ತಿ. ಇದನ್ನು ನೋಡಿ ಮಗಳ ಭವಿಷ್ಯ ಹೇಗೆ ತೀರ್ಮಾನಿಸುವುದು? ಕೊನೆಗೆ ನಿನ್ನ ಹೊಲಿಗೆ ಡಬ್ಬಿಯಿಂದ ಒಂದು ಕಪ್ಪು ಗುಂಡಿ, ಒಂದು ಕಂದು ಗುಂಡಿ ಆರಿಸಿ ಲೋಟಕ್ಕೆ ಹಾಕಿದೆ. ಕಣ್ಣು ಮುಚ್ಚಿ ತೆಗಿ, ದೇವರ ಚಿತ್ತ ಎಂದೆ. ಕಪ್ಪು ಬಂತು. ‘ಇದು ಲೆಕ್ಕಕ್ಕಿಲ್ಲ’ ಎಂದು ವಾಪಸು ಹಾಕಿದಳು. ಕಂದು ಬಂತು. ‘ಇದೂ ಇಲ್ಲ.’ ಆಮೇಲೆ ಎಷ್ಟು ಸಲ ತೆಗೆದಳೋ. ಯಾವ ಗುಂಡಿ ಬಂದರೂ ಅವಳ ಮುಖ ಒಂದೇ ಥರ ಬಾಡುತ್ತಿತ್ತು. ಆಗ ನನ್ನ ದಡ್ಡ ತಲೆಗೆ ಹೊಳೆಯಿತು. ಎರಡರಲ್ಲಿ ಯಾವುದು ಎನ್ನುವುದು ಅವಳ ಕಷ್ಟವೇ ಅಲ್ಲ. ಲೋಟದಲ್ಲಿ ಹಾಕದೇ ಇದ್ದ ಮೂರನೆಯದೊಂದಿತ್ತು, ಅದು ನಾನು.

ಇದು ನಿನಗೆ ಅರ್ಥವಾಗಬೇಕಾದರೆ ನಾವಿಬ್ಬರೂ ನಿನಗೆ ಹೇಳದೆ ಇದ್ದ ಒಂದು ಸಂಗತಿ ಹೇಳಬೇಕು. ಶ್ರುತಿ ಕೂಡಿಸುವಾಗ ನಾನು ಪೆಟ್ಟಿಗೆಯ ಒಳಗೆ ಕೊಳವೆಗಳ ನಡುವೆ ನಿಂತಿರುತ್ತೇನೆ, ಪೀಪಿ ಹೊರಗೆ ಕೂತು ಹಾರ್ಮೋನಿಯಮ್ಮಿನ ಹಾಗೆ ಒಂದೊಂದೇ ಸ್ವರದ ಮನೆ ಒತ್ತುತ್ತಾಳೆ. ಎರಡು ಕೊಳವೆ ಒಟ್ಟಿಗೆ ನುಡಿದಾಗ ಶ್ರುತಿ ಸೇರದಿದ್ದರೆ ಸ್ವರ ನಡುಗುತ್ತದೆ. ಕೊಳವೆಯ ತುದಿಯ ತಗಡನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋದರೆ ನಡುಕ ನಿಲ್ಲುತ್ತದೆ. ನಿಂತಾಗ ನಾನು ‘ಮುಂದೆ’ ಎನ್ನಬೇಕು, ಅವಳು ಮುಂದಿನ ಮನೆ ಒತ್ತಬೇಕು. ಕೆಲಸದ ಹೊತ್ತಿನಲ್ಲಿ ಇನ್ನೊಂದು ಮಾತು ಆಡಬಾರದು ಎಂಬುದು ನಮ್ಮಪ್ಪನ ಕಾಲದ ಕಟ್ಟಳೆ. ನೀನು ಅಲ್ಲಿಗೆ ಹೋದ ಮೇಲೆ ಒಂದು ದಿನ ನಡುಕ ನಿಂತದ್ದು ನನಗೆ ತಿಳಿಯಲಿಲ್ಲ. ಸುಮ್ಮನೆ ತಗಡು ಸರಿಸುತ್ತಾ ನಿಂತಿದ್ದೆ. ಆಗ ಕಾಲಡಿಯ ಹಲಗೆ ಮೆಲ್ಲಗೆ ಅದುರಿತು. ಪೀಪಿ ಹಿಮ್ಮಡಿಯಿಂದ ನೆಲ ತಟ್ಟಿದ್ದಳು. ನಾನು ‘ಮುಂದೆ’ ಎಂದೆ. ಅಂದಿನಿಂದ ಅದೇ ನಮ್ಮ ಪದ್ಧತಿ. ಸರಿಯಾಗುವ ತನಕ ಹಿಮ್ಮಡಿ ಮೇಲಿರುತ್ತದೆ, ಸರಿಯಾದರೆ ಒಂದು ತಟ್ಟು. ಈ ಬಗ್ಗೆ ಅವಳೂ ತುಟಿ ಬಿಚ್ಚಲಿಲ್ಲ, ನಾನೂ ಬಿಚ್ಚಲಿಲ್ಲ. ಕೆಲಸ ನನ್ನದು ಎಂದು ಎಲ್ಲರೂ ಹೊಗಳಿದರು, ನಾನು ತಲೆಬಾಗಿಸಿ ಹೊಗಳಿಕೆ ತೆಗೆದುಕೊಂಡೆ.

ಹಾಗಾಗಿ ಅವಳಿಲ್ಲದೆಯೂ ನನಗೆ ನಡೆಯುತ್ತದೆ ಎಂದು ತೋರಿಸಿಬಿಟ್ಟರೆ ಹುಡುಗಿ ನಿಶ್ಚಿಂತೆಯಿಂದ ಯಾವುದಾದರೂ ಗುಂಡಿ ಆರಿಸುತ್ತಾಳೆ ಎಂದು ಲೆಕ್ಕ ಹಾಕಿದೆ. ವರ್ಷಾರಂಭದ ಬಲಿಪೂಜೆಗೆ ಮುಂಚೆ ಕಪ್ಪಿನವರ ಆರ್ಗನ್ನಿಗೆ ಶ್ರುತಿ ಕೂಡಿಸಬೇಕಿತ್ತು. ಧೂಳು ಹೊಡೆಯಲು ಹೋಗುತ್ತೇನೆ ಎಂದು ಪೀಪಿಗೆ ಸುಳ್ಳು ಹೇಳಿ ಒಬ್ಬನೇ ಹೋದೆ. ಮನೆ ಒತ್ತಲು ಅಲ್ಲಿ ಗಂಟೆ ಹೊಡೆಯುವವನನ್ನು ಕೂರಿಸಿದೆ. ಗಂಟೆಯಣ್ಣ ಒಳ್ಳೆಯವನು, ಎರಡು ಕೈ ಬೇಕಾದ ಕಡೆ ನಾಲ್ಕು ಕೈ ಹಾಕುವವನು. ಒಳಗೆ ನಿಂತು ಬೆರಳನ್ನು ಕೊಳವೆಗೆ ತಾಗಿಸಿ ನಡುಕ ಹಿಡಿಯಬಹುದು ಎಂದುಕೊಂಡಿದ್ದೆ. ಆದರೆ ಇವಳೇ, ಮೊದಲನೆಯ ಕೊಳವೆಗೆ ಕೈ ಹಾಕಿದ ಸ್ವಲ್ಪ ಹೊತ್ತಿಗೇ ಕಾಲಡಿಯ ಹಲಗೆ ಅದುರಿತು. ಓಹೋ, ಸರಿಯಾಯಿತು ಎಂದು ‘ಮುಂದೆ’ ಎಂದೆ. ಮತ್ತೆ ತಟ್ಟು, ಮತ್ತೆ ಮುಂದೆ. ಗಂಟೆಯಣ್ಣನಿಗೂ ಇಷ್ಟು ಒಳ್ಳೆಯ ಕಿವಿ ಇದೆಯೇ ಎಂದು ಆಶ್ಚರ್ಯವಾಯಿತೇ ಹೊರತು, ಅವನಿಗೆ ಈ ತಟ್ಟಿನ ವಿಷಯ ನಾನು ಹೇಳಿಯೇ ಇಲ್ಲವಲ್ಲ ಎಂಬುದು ತಲೆಗೆ ಹೋಗಲಿಲ್ಲ. ಒಂದು ದಿನದ ಕೆಲಸ ಊಟದ ಹೊತ್ತಿಗೆ ಮುಗಿಯಿತು. ದಾರಿಯುದ್ದಕ್ಕೂ ಹುಡುಗನ ಹಾಗೆ ಕುಣಿಯುತ್ತಾ ಮನೆಗೆ ಬಂದೆ. ಆ ಪುಣ್ಯಾತ್ಮ ಹೊತ್ತು ಹೋಗಲೆಂದು ಮನಸ್ಸಿನಲ್ಲೇ ಯಾವುದೋ ಹಾಡು ಹೇಳಿಕೊಂಡು ಕಾಲಲ್ಲಿ ತಾಳ ಹಾಕುತ್ತಿದ್ದನಂತೆ. ಆಮೇಲೆ ಗೊತ್ತಾಯಿತು.

ಭಾನುವಾರದ ಪೂಜೆಗೆ ಹೊಸದಾಗಿ ಸೀಟು ಸಿಕ್ಕಿದ ಮಕ್ಕಳನ್ನೂ ಮನೆಯವರನ್ನೂ ಕರೆದಿದ್ದರು. ನೀನು ಇಸ್ತ್ರಿ ಮಾಡಿಟ್ಟು ಹೋದ ಕೋಟು ಹಾಕಿಕೊಂಡೆ. ಪೀಪಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇದು ನಾನೊಬ್ಬನೇ ಶ್ರುತಿ ಮಾಡಿದ್ದು, ಕೇಳು ಎಂದು ಅವಳ ಕಿವಿಯಲ್ಲಿ ಹೇಳಿದೆ. ಅವಳು ನನ್ನನ್ನು ನೋಡಿದ ನೋಟದ ಅರ್ಥ ಆಗ ಗೊತ್ತಾಗಲಿಲ್ಲ. ಹಿಂದಿನ ಮಾಳಿಗೆಯಲ್ಲಿ ಆರ್ಗನ್ ನುಡಿಸುವವರು ಎರಡು ಕೈಯನ್ನೂ ಇಳಿಸಿದ್ದನ್ನು ತಿರುಗಿ ನೋಡಿದೆ. ಬೆಂಚು ಎಂದಿನಂತೆ ಗುಂಯ್ ಎಂದು ಅದುರಿತು, ಭರ್ಜರಿಯಾಗಿ ಶುರುವಾಯಿತು ಎಂದುಕೊಂಡೆ. ಮುಂದಿನ ಸಾಲಿನವರು ಒಬ್ಬೊಬ್ಬರೇ ಹಿಂದಕ್ಕೆ ತಿರುಗಿ ಮೇಲೆ ನೋಡಿದರು. ಮೆಚ್ಚಿಕೊಂಡರು ಎಂದು ತಿಳಿದು, ಟೊಪ್ಪಿಗೆ ಹಾಕಿದ್ದ ಒಬ್ಬ ಹೆಂಗಸಿಗೆ ನನ್ನದೇ ಕೆಲಸ ಎನ್ನುವ ಹಾಗೆ ತಲೆಯನ್ನೂ ಆಡಿಸಿದೆ. ಆಕೆ ಕಿವಿ ಮುಚ್ಚಿಕೊಂಡಳು. ಆಗ ಪೀಪಿಯ ಕಡೆ ತಿರುಗಿದೆ. ಸುತ್ತಲಿನವರೆಲ್ಲ ಮುದುಡಿ ಕೂತಿದ್ದರೆ ಅವಳೊಬ್ಬಳು ನೆಟ್ಟಗೆ ಕೂತು ಮುಂದೆ ನೋಡುತ್ತಿದ್ದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಹಿಮ್ಮಡಿಯನ್ನು ನೆಲಕ್ಕೆ ತಾಗಿಸದೆ ಮೇಲೆತ್ತಿ ಹಿಡಿದಿದ್ದಳು. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಆಗಿರಲಿಲ್ಲ. ಪೂಜೆ ಆರ್ಗನ್ ಇಲ್ಲದೆ ನಡೆಯಿತು.

ಅಲ್ಲಿಯ ದೊಡ್ಡ ಗುರುಗಳು ಬೈಯಲಿಲ್ಲ. ಬೈದಿದ್ದರೆ ತಿರುಗಿ ಜಗಳವಾದರೂ ಆಡಬಹುದಿತ್ತು. ಕೂರಿಸಿ ಚಹಾ ಕೊಟ್ಟು, ನನಗೆ ಕೇಳಿಸುವುದಿಲ್ಲವಾದ್ದರಿಂದ ಒಂದು ಚೀಟಿಯಲ್ಲಿ ಬರೆದು ತೋರಿಸಿದರು: ‘ಇಷ್ಟು ವರ್ಷದ ಸೇವೆಗೆ ಕೃತಜ್ಞತೆ. ಇನ್ನು ವಿಶ್ರಾಂತಿ ತೆಗೆದುಕೊಳ್ಳಿ.’ ಆರ್ಗನ್ ನುಡಿಸುವವರು ಎರಡೂ ಕಡೆಗೆ ಒಬ್ಬರೇ ಆದ್ದರಿಂದ ಸುದ್ದಿ ಸೇತುವೆ ದಾಟಲು ತಡವಾಗಲಿಲ್ಲ. ನಿನ್ನೆ ಕಂದಿನವರಿಂದಲೂ ಪತ್ರ ಬಂತು. ಒಕ್ಕಣೆ ಕೂಡ ಒಂದೇ, ಸೇವೆಗೆ ಕೃತಜ್ಞತೆ, ಇನ್ನು ವಿಶ್ರಾಂತಿ. ಪೀಪಿ ಹೇಳಿದ್ದು ನಿಜ, ಇವೆರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಇಲ್ಲಿ ಕುಂಬಾರನೂ ನಾನೇ, ದೊಣ್ಣೆಯೂ ನಾನೇ.

ಹೋಗಲಿ, ಕೆಲಸ ಹೋಯಿತು, ಇನ್ನಾದರೂ ನೀನು ನಿಶ್ಚಿಂತೆಯಿಂದ ಹೋಗು ಎಂದೆ. ‘ಸಣ್ಣ ಚರ್ಚುಗಳು ಇವೆಯಲ್ಲ ಅಪ್ಪಾ, ಇಬ್ರೂ ಹೋಗೋಣ’ ಎಂದಳು. ನಾನು ಇನ್ನು ಯಾವ ಆರ್ಗನ್ನನ್ನೂ ಮುಟ್ಟುವುದಿಲ್ಲ ಎಂದೆ. ‘ಹಾಗಾದ್ರೆ ದಿನವಿಡೀ ಮನೇಲಿ ಒಬ್ನೇ ಕೂತಿರ್ತೀಯ. ಹಾಲು ಉಕ್ಕಿದ್ರೆ ಗೊತ್ತಾಗಲ್ಲ, ಬಾಗಿಲು ಬಡಿದ್ರೆ ಗೊತ್ತಾಗಲ್ಲ. ಯಾರು ನೋಡ್ಕೋತಾರೆ?’ ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಕಿವಿಯಾಗಿ ಇರಲಿ ಅಂತ ನಿನ್ನನ್ನು ಹೆತ್ತದ್ದಲ್ಲ ಕಣೇ ಎಂದು ಕೂಗಿದೆ. ಎಷ್ಟು ಜೋರಾಗಿ ಕೂಗುತ್ತೇನೆ ಎಂಬುದು ಈಗೀಗ ನನಗೆ ತಿಳಿಯುವುದಿಲ್ಲ. ಎದುರು ಮನೆಯ ಕಿಟಕಿ ತೆರೆದುಕೊಂಡಿತು ಎಂದರೆ ನೀನೇ ಊಹಿಸಿಕೋ. ಕೆಲಸವಿದ್ದರೆ ನನ್ನ ಜೊತೆಗೆ ಇರಬೇಕು, ಕೆಲಸ ಹೋದರೆ ನನ್ನನ್ನು ಕಾಯಲು ಇರಬೇಕು. ಹುಚ್ಚು ಬಿಡದೆ ಮದುವೆಯಾಗುವುದಿಲ್ಲ, ಮದುವೆಯಾಗದೆ ಹುಚ್ಚು ಬಿಡುವುದಿಲ್ಲ ಎಂದ ಹಾಗಾಗಿದೆ.

ನೀನು ಬಾ ಎಂದು ನಾನು ಕೇಳುತ್ತಿಲ್ಲ. ಮಲಗಿದ ತಾಯಿಯನ್ನು ಬಿಟ್ಟು ಬಾ ಎನ್ನುವಷ್ಟು ಕೆಟ್ಟವನಲ್ಲ. ಮಗಳಿಗೆ ಒಂದು ಸಾಲು ಬರೆ, ಸಾಕು. ಕಪ್ಪಾದರೂ ಸರಿ ಕಂದಾದರೂ ಸರಿ, ಹೋಗು ಎಂದು ಬರೆ. ನಿನ್ನ ಮಾತನ್ನು ಅವಳು ತೆಗೆದುಹಾಕುವುದಿಲ್ಲ. ಈ ಪತ್ರ ಶುಕ್ರವಾರದೊಳಗೆ ನಿನ್ನ ಕೈ ಸೇರುವುದಿಲ್ಲ ಎಂದು ನನಗೂ ಗೊತ್ತು. ಆದರೂ ಬರೆಯುತ್ತಿದ್ದೇನೆ, ಬರೆಯದೆ ಕೂತಿರಲು ಆಗುತ್ತಿಲ್ಲ. ಬೆಳಿಗ್ಗೆ ತಲೆ ಬಾಚಿಕೊಂಡು, ಎರಡನ್ನೂ ಇನ್ನೊಂದು ಸಲ ನೋಡಿ ಬರುತ್ತೇನೆ ಎಂದು ಬಸ್ಸು ಹತ್ತಿದ್ದಾಳೆ. ಲೋಟ ಮತ್ತು ಗುಂಡಿಗಳನ್ನು ಮೇಜಿನ ಮೇಲೇ ಇಟ್ಟುಕೊಂಡು ಕೂತಿದ್ದೇನೆ. ಅವಳು ನಗುತ್ತಾ ಬಂದು ಒಂದನ್ನು ಎತ್ತಿಕೊಂಡರೆ ಈ ಕಾಗದ ಹರಿದು ಒಲೆಗೆ ಹಾಕಿ, ಬೇರೆ ಕಾಗದ ಬರೆಯುತ್ತೇನೆ.

ಅತ್ತೆಗೆ ನನ್ನ ನಮಸ್ಕಾರ ಹೇಳು. ಕೇಳಿದರೆ ಅಳಿಯ ಪೀಪಿ ಊದುವುದನ್ನು ಬಿಟ್ಟ ಎಂದು ಹೇಳು, ಸಂತೋಷಪಡುತ್ತಾರೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಕಾಲನ್ನು ದಿಂಬಿನ ಮೇಲಿಟ್ಟು ಮಲಗು. ದೇವಮಾತೆ ನಿಮ್ಮಿಬ್ಬರನ್ನೂ ಕಾಯಲಿ.

ಇಂತಿ, ನೀನು ಒಂದು ದಿನವೂ ಹೆಸರು ಹಿಡಿದು ಕರೆಯದ
ನಿನ್ನ ‘ರೀ’

ಮರೆತ ಮಾತು: ಕಾಗದ ಮಡಿಸುವಷ್ಟರಲ್ಲಿ ಬಂದಳು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸು. ಎದುರಿಗೆ ನಿಂತು, ತುಟಿ ಕಾಣುವ ಹಾಗೆ ನಿಧಾನವಾಗಿ ‘ಎರಡು ಕಡೆಗೂ ಹೋಗಿ ಸೀಟು ಬೇಡ ಅಂತ ಹೇಳಿ ಬಂದೆ ಅಪ್ಪಾ’ ಎಂದಳು. ಕೇಳಿಸಲಿಲ್ಲ ಎಂದೆ. ಇನ್ನೊಂದು ಸಲ ಜೋರಾಗಿ ಹೇಳಿದಳು. ಕೇಳಿಸಲಿಲ್ಲ ಎಂದೆ. ಮೊದಲ ಸಲವೇ ಕೇಳಿಸಿತ್ತು, ಇವಳೇ. ಈ ಒಂದು ಮಾತು ಮಾತ್ರ ಚೆನ್ನಾಗಿ ಕೇಳಿಸಿತ್ತು. ಮೂರನೇ ಸಲ ಅವಳು ಬಾಯಿ ತೆರೆಯಲಿಲ್ಲ. ಹಿಮ್ಮಡಿಯಿಂದ ಅಡುಗೆಮನೆಯ ನೆಲದ ಹಲಗೆಯನ್ನು ಒಂದು ಸಲ ತಟ್ಟಿ, ನಾನು ‘ಮುಂದೆ’ ಎನ್ನಲಿ ಎಂದು ಕಾಯುತ್ತಾ ನಿಂತಿದ್ದಾಳೆ.