ದೀಪ ಇಳಿಸುವ ಮೊದಲು

ಹೊಸನಗರ
ಕಾರ್ತಿಕ ಮಾಸ, ೧೯೪೪

ಪ್ರಿಯ ಶೇಷಪ್ಪನಿಗೆ,

ಮೊದಲೇ ಹೇಳಿಬಿಡುತ್ತೇನೆ, ನಿನ್ನ ತಾಯಿ ಹಾಲಮ್ಮ ಗಟ್ಟಿಮುಟ್ಟಾಗಿದ್ದಾರೆ. ಎಷ್ಟೆಂದರೆ, ಸರ್ಕಾರದ ಸರ್ವೆಯವನಾದ ನನ್ನನ್ನೇ ಸೋಲಿಸಿ ಕೂರಿಸಿದ್ದಾರೆ. ನನ್ನ ಹೆಸರು ಹೇಮಚಂದ್ರ. ನಿನಗೆ ನನ್ನ ಗುರುತಿಲ್ಲ. ಯುದ್ಧಕ್ಕೆಂದು ನಿಮ್ಮ ಮನೆಯಾಚೆಯ ಕಲ್ಲುಬಯಲಿನಲ್ಲಿ ವಿಮಾನ ಇಳಿಯಲು ಜಾಗ ಮಾಡಿದ್ದಾರೆ. ಇಳಿಯುವಾಗ ಅಡ್ಡ ಬರುವ ಮರ, ಗುಡ್ಡ, ಗೋಪುರಗಳ ಎತ್ತರ ಅಳೆದು ದಾರಿ ಬಿಡಿಸಿಕೊಡುವುದು ನನ್ನ ಕೆಲಸ. ಆ ಕೆಲಸ ನನಗೆ ಚೆನ್ನಾಗಿಯೇ ಬರುತ್ತದೆ, ಸುಳ್ಳು ವಿನಯ ಯಾಕೆ.

ನವರಾತ್ರಿಗೆ ಮುಂಚೆಯೇ ಅಳತೆ ಮುಗಿಸಿ, ಅಡ್ಡವಿದ್ದ ಮರಗಳನ್ನು ಕಡಿಸಿ, ದಾರಿ ಸರಿಯಿದೆ ಎಂದು ಸಹಿ ಹಾಕಿದ್ದೆ. ದೀಪಾವಳಿ ಕಳೆದು ಬಂದು ನೋಡಿದರೆ, ವಿಮಾನ ತಗ್ಗಿ ಬರುವ ಸಾಲಿನಲ್ಲೇ ನಿಮ್ಮಂಗಳದಲ್ಲಿ ಉದ್ದನೆಯ ಬಿದಿರಿನ ಗಳ, ಅದರ ತುದಿಯಲ್ಲಿ ಆಕಾಶದೀಪ. ಕಾರ್ತಿಕದಲ್ಲಿ ಅಂಗಳದಲ್ಲೂ ಮರ ಎದ್ದು ನಿಲ್ಲುತ್ತದೆ ಎಂಬುದು ನನ್ನ ಬುದ್ಧಿಗೆ ಹೊಳೆದಿರಲಿಲ್ಲ.

ಮುಂದಿನ ವಾರ ಮೊದಲ ವಿಮಾನ ಬರುತ್ತದೆ, ರೆಕ್ಕೆ ತಾಗಿದರೆ ಒಳಗಿದ್ದವರು ಉಳಿಯುವುದಿಲ್ಲ, ಗಳ ಇಳಿಸಿಬಿಡಿ ಎಂದು ನಿನ್ನ ತಾಯಿಗೆ ಹೇಳಿದೆ. "ನನ್ ಮಗನ್ನ ಕೇಳಿ" ಎಂದರು. ಜೊತೆಗಿದ್ದ ಆಳುಗಳು ಕಿತ್ತೇ ಬಿಡುತ್ತೇವೆಂದು ಮುಂದಾದರು. ನಾನು ಬಿಡಲಿಲ್ಲ. ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನ ನಾನು. ವಾದ ಮಾಡುತ್ತ ಮಾಡುತ್ತ ಆವತ್ತಿನ ಊಟಕ್ಕೂ ಸಂಚಕಾರ ಬಂತು.

ಕೊನೆಗೆ ಅವರೇ ಬಾಯಿಬಿಟ್ಟರು. "ಯುದ್ಧಕ್ಕೆ ಹೋಗೋವಾಗ ಹೇಳಿದಾನೆ. ಬಂದ್ರೆ ಕಾರ್ತಿಕದಲ್ಲೇ ಬರ್ತೀನಿ, ತೀರ್ಥಹಳ್ಳಿ ರಸ್ತೆ ತಿರುವಲ್ಲಿ ದೀಪ ಕಂಡ್ರೆ ಅಮ್ಮ ಇದಾಳೆ ಅಂತ ತಿಳ್ಕೊತೀನಿ ಅಂದಿದಾನೆ. ಕಾಣ್ದಿದ್ರೆ ಅಲ್ಲೇ ಕುಸಿದು ಕೂರ್ತಾನೆ ಸರ್ವೆಯವ್ರೇ."

ನಿನ್ನ ಕಾಗದ ಬರದೆ ವರ್ಷವಾಯಿತಂತೆ. ಊರಿನವರು ಏನೇನೋ ಮಾತಾಡಿಕೊಳ್ಳುತ್ತಾರೆ. ಹಾಲಮ್ಮನವರಿಗೆ ಆ ಚಿಂತೆಯೇ ಇಲ್ಲ. ನೀನು ಬಂದಾಗ ಹೆದರಬಾರದು, ಅಷ್ಟೇ ಅವರ ಚಿಂತೆ. ಅದನ್ನು ಕೇಳಿ ಜಗಲಿಯ ಮೇಲೆ ಕೂತುಬಿಟ್ಟೆ.

ಆಮೇಲೆ ಒಪ್ಪಂದವಾಯಿತು. ನಾನು ನಿನಗೆ ಕಾಗದ ಬರೆಯಬೇಕು. ಅಂಚೆಗೆ ಹಾಕಿ ಬಂದ ಮೇಲೆ ಗಳವನ್ನು ಅವರು ತಮ್ಮ ಕೈಯಿಂದಲೇ ಇಳಿಸುತ್ತಾರೆ. ದೀಪವನ್ನು ತುಳಸಿಕಟ್ಟೆಯ ಪಕ್ಕದಲ್ಲಿ ಕೆಳಗೇ ಇಡುತ್ತಾರೆ. ಈಗ ಎದುರಿಗೇ ಕೂತಿದ್ದಾರೆ, ಬರೆದಷ್ಟನ್ನೂ ಓದಿಸಿಕೊಂಡು ಕೇಳುತ್ತಿದ್ದಾರೆ. ಸೈನ್ಯದ ಅಂಚೆ ನಿನ್ನನ್ನು ಹುಡುಕಿಯೇ ಹುಡುಕುತ್ತದೆ ಎಂದು ನಾನೂ ಧೈರ್ಯವಾಗಿ ಹೇಳಿದ್ದೇನೆ.

ಜಿನೇಶ್ವರನು ನೀನಿರುವಲ್ಲಿ ನಿನ್ನನ್ನು ಕಾಯಲಿ. ರಸ್ತೆಯ ತಿರುವಿನಲ್ಲಿ ಬರೀ ಕತ್ತಲೆ ಕಂಡರೆ ನಿಲ್ಲಬೇಡ ಶೇಷಪ್ಪ. ಅಮ್ಮ ಇದ್ದಾರೆ. ಇಳಿದು ಬಾ.

ನಿನ್ನ ಹಿತವನ್ನೇ ಬಯಸುವ,
ಸರ್ವೆ ಹೇಮಚಂದ್ರ