ನಿನ್ನೆ ಅತ್ತದ್ದು ಮಿಮಿಕ್ರಿ ಅಲ್ಲ

ತಮ್ಮಾ ನಿಂಗರಾಜ,

ಇದು ಚೇಷ್ಟೆಯ ಚೀಟಿ ಅಲ್ಲ, ಪೂರ್ತಿ ಓದು. ಬೈಲಹೊಂಗಲದ ದವಾಖಾನೆಗೆ ಹೊರಟಿದ್ದೇನೆ, ಸಂಜೆಯೊಳಗೆ ಬರುತ್ತೇನೆ. ಬುಟ್ಟಿಯಲ್ಲಿ ರೊಟ್ಟಿ ಇವೆ, ಪಲ್ಯ ಬಿಸಿ ಮಾಡಿಕೋ.

ಮೊದಲು ನಿನ್ನ ಮೊಬೈಲಿನಲ್ಲಿರುವ ನಿನ್ನೆಯ ವಿಡಿಯೋ ಅಳಿಸು. ರೊಟ್ಟಿ ಬಡಿಯುತ್ತಿದ್ದವಳು ಒಮ್ಮೆಲೇ ಅಳತೊಡಗಿದಾಗ, "ಅವ್ವಾ, ಲಗೂ ಬಾ, ಅಕ್ಕ ಹೂಲಿ ಅತ್ತಿ ಅಳೂದ ಮಾಡಾಕತ್ತಾಳ" ಎಂದು ಕೂಗಿ ಶೂಟಿಂಗ್ ಶುರು ಮಾಡಿದೆಯಲ್ಲ, ಆಗ ನಾನು ಯಾರ ನಕಲನ್ನೂ ಮಾಡುತ್ತಿರಲಿಲ್ಲ. ಹೂಲಿ ಊರಿನ ಅತ್ತೆ ಅಳುವುದನ್ನು ಮಾಡಿ ತೋರಿಸಿ ನಿಮ್ಮನ್ನು ನಗಿಸುವುದು ಬೇರೆ, ಇದು ಬೇರೆ. ಉಸಿರು ಸಿಗುತ್ತಿರಲಿಲ್ಲ. ಕೈ ಜುಮ್ಮೆನ್ನುತ್ತಿತ್ತು. ಇನ್ನೇನು ಸತ್ತೇ ಹೋಗುತ್ತೇನೆ ಅನ್ನಿಸಿ, ಆ ಹೆದರಿಕೆಗೆ ಅಳು ಬಂತು. ಯಾಕೆ ಹೀಗಾಗುತ್ತದೆ ಎಂದು ಕೇಳಬೇಡ, ನನಗೂ ಗೊತ್ತಿಲ್ಲ. ಈ ತಿಂಗಳಲ್ಲಿ ಇದು ಮೂರನೇ ಸಲ.

ಮತ್ತೆ ಬಂದರೆ ನಿನಗೆ ತಿಳಿಯಲೆಂದು ಗುರುತು ಹೇಳುತ್ತೇನೆ. ಮಿಮಿಕ್ರಿ ಮಾಡುವಾಗ ನನ್ನ ಒಂದು ಕಣ್ಣು ನಿನ್ನ ಮೇಲೇ ಇರುತ್ತದೆ, ನಗುತ್ತೀಯೋ ಇಲ್ಲವೋ ಎಂದು. ನಿಜವಾಗಿ ಅಳುವಾಗ ಯಾರನ್ನೂ ನೋಡುವುದಿಲ್ಲ. ಆಗ ಒಲೆ ಆರಿಸು. "ಅಳಬ್ಯಾಡ ಸುಮ್ನಿರು" ಅನ್ನಬೇಡ, ಅತ್ತು ಮುಗಿಯಲಿ. ಪಕ್ಕದಲ್ಲಿ ಕುಳಿತು ನೀನು ನಿಧಾನವಾಗಿ ಉಸಿರಾಡು. ನಕಲು ಮಾಡುವುದು ನನಗೆ ಬರುತ್ತದೆ, ನಿನ್ನ ಉಸಿರಿನ ಲಯವನ್ನೇ ಹಿಡಿಯುತ್ತೇನೆ.

ಅವ್ವ ಹೊಲದಿಂದ ಬಂದ ಮೇಲೆ ಇದನ್ನು ಓದಿ ಹೇಳು. ಎದುರು ನಿಂತು ಹೇಳಲು ನನಗೆ ಬಾಯಿ ಬರುತ್ತಿಲ್ಲ.

"ಮತ್ತ ಎಲ್ಲಾರಕ್ಕಿಂತ ಜೋರ ನೀನ ನಕ್ಕೆಲ್ಲಾ" ಅನ್ನುತ್ತೀಯ. ನಕ್ಕೆನಪ್ಪಾ. ಉಸಿರು ಬಂದ ಮೇಲೆ, ನಗುತ್ತಾ ನಿಂತಿದ್ದ ನಿನ್ನ, ಅವ್ವನ ಮುಖ ನೋಡಿ ನಾಚಿಕೆಯಾಯಿತು, ನಕ್ಕುಬಿಟ್ಟೆ. ನಿನ್ನೆ ನಾನು ಮಾಡಿದ ನಾಟಕ ಅದೊಂದೇ.

ಅಕ್ಕ ಮಧು