ಸಂತೃಪ್ತ ಕಕ್ಷಿದಾರಳ ಸಹಿ ಸಿಗುವುದಿಲ್ಲ

ವಕೀಲರ ಶುಲ್ಕದ ತಕರಾರು ಆಲಿಸುವ ಸಮಿತಿಯ ಅಧ್ಯಕ್ಷರೇ,

'ಮಾನ್ಯರೇ' ಎಂಬುದನ್ನು ಸದ್ಯಕ್ಕೆ ಬಾಕಿ ಇಟ್ಟಿದ್ದೇನೆ. ನನ್ನ ಎರಡು ಅರ್ಜಿಗಳಿಗೆ ನೀವು ಉತ್ತರ ಬಾಕಿ ಇಟ್ಟಿದ್ದೀರಲ್ಲ, ಹಾಗೆ. ವಿಷಯ ಇಷ್ಟು: ಕಮಲಾಪುರದಲ್ಲಿ ನನ್ನ ಹಿಟ್ಟಿನ ಗಿರಣಿ ನಿಂತ ಜಾಗದ ಮೂಲ ಖರೀದಿ ಪತ್ರ ಸೇಡಂ ರಸ್ತೆಯ ಒಂದು ವಕೀಲರ ಕಚೇರಿಯ ಕಪಾಟಿನಲ್ಲಿದೆ. ಜಾಗ ತನ್ನದೆಂದು ಪಕ್ಕದವನು ದಾವೆ ಹಾಕಿದ್ದಾನೆ. ಇದೇ ಹದಿನೆಂಟಕ್ಕೆ ಆ ಪತ್ರವನ್ನು ನ್ಯಾಯಾಲಯದ ಮುಂದಿಡಬೇಕು, ಅದೇ ಕೊನೆಯ ಅವಕಾಶ. ಬಿಲ್ಲು ಚುಕ್ತಾ ಆಗುವವರೆಗೆ ಕೊಡುವುದಿಲ್ಲವೆಂದು ನನ್ನದೇ ವಕೀಲರು ಹಟ ಹಿಡಿದು ಕೂತಿದ್ದಾರೆ. ಎದುರಾಳಿಗೆ ಇನ್ನೇನು ಬೇಕು? ಅವನು ತನ್ನ ವಕೀಲನಿಗೆ ಸುಮ್ಮನೆ ಫೀ ಕೊಡುತ್ತಿದ್ದಾನೆ.

ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಮೂರು ವರ್ಷದ ಹಿಂದೆ ನನ್ನ ಗಂಡ ಖಂಡೆಪ್ಪನವರ ಜೊತೆ ಅಲ್ಲಿಗೆ ಹೋದಾಗ ಫೀ ಎಷ್ಟೆಂದು ಕೇಳಿದ್ದೆ. ವಕೀಲರು ನಕ್ಕರು. "ಅಕ್ಕಾರ, ನೀವೇನ್ ಹೊರಗಿನವರೇನ್ರೀ? ಮುಂದ ನೋಡಮು ತಗೋರಿ." ಹೊರಗೆ ಬಂದ ಮೇಲೆ ನಮ್ಮ ಯಜಮಾನರು ನನ್ನನ್ನೇ ಬೈದರು. "ವಕೀಲರಿಗಿ ದರ ಕೇಳ್ತಾರೇನ? ಸಂತ್ಯಾಗ ಬಂದೀಯೇನ್ ನೀ?" ನಮ್ಮ ಕಡೆ ಅದು ಮರ್ಯಾದೆ. ದರ ಕೇಳಬಾರದು, ರಸೀದಿ ಕೇಳಿದರಂತೂ ಅವಮಾನ. ಹೋದಾಗಲೆಲ್ಲ ದುಡ್ಡಿನ ಒಂದು ಲಕೋಟೆ, ಜೊತೆಗೆ ನಮ್ಮೂರಿನ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕೊಟ್ಟು ಕೈಮುಗಿದು ಬರುತ್ತಿದ್ದೆವು.

ಈಗ ಬಿಲ್ಲು ಬಂದಿದೆ. ಎರಡು ಲಕ್ಷ ಹದಿನಾಲ್ಕು ಸಾವಿರ! ಲಕೋಟೆಗಳ ಸುದ್ದಿಯೇ ಇಲ್ಲ. ಬಾಳೆಹಣ್ಣು ಕೊಡಲು ನಿಂತದ್ದು 'ಸಮಾಲೋಚನೆ, ಇಪ್ಪತ್ತು ನಿಮಿಷ' ಆಗಿದೆ. ನನ್ನ ಹಣ್ಣನ್ನು ಅವರು ತಿಂದ ಹೊತ್ತಿಗೂ ನಾನೇ ದುಡ್ಡು ಕಟ್ಟಬೇಕಂತೆ. ಗುಮಾಸ್ತ ಪರ್ವೇಜ್ ತಲೆ ತಗ್ಗಿಸಿ, "ಅಮ್ಮಾ, ಸಾಹೇಬ್ರು ಬರದುಕೊಟ್ಟಿದ್ದು ನಾ ಟೈಪ್ ಮಾಡೀನಿ, ನಂದೇನ್ ನಡೀತದ್ರೀ" ಎಂದು ಇನ್ನೊಂದು ಕಾಗದ ಮುಂದಿಟ್ಟ. 'ಕಚೇರಿಯ ಸೇವೆ ಹಾಗೂ ಬಿಲ್ಲಿನಿಂದ ನಾನು ಸಂಪೂರ್ಣ ಸಂತೃಪ್ತಳಾಗಿದ್ದೇನೆ.' ದುಡ್ಡಿನ ಜೊತೆ ಇದಕ್ಕೂ ಸಹಿ ಬೇಕಂತೆ!

ಈ ಬುದ್ಧಿ ಎಲ್ಲಿಂದ ಬಂತು ಎಂದು ವಿಚಾರಿಸಿದರೆ, ನಿಮ್ಮಿಂದಲೇ! ಕಕ್ಷಿದಾರರನ್ನು ಸಂತೃಪ್ತಿಪಡಿಸುವ ಬಿಲ್ಲಿನ ಬಗ್ಗೆ ಸ್ಟೇಶನ್ ಬಜಾರದ ಹೋಟೆಲಿನಲ್ಲಿ ಕಾರ್ಯಾಗಾರ ನಡೆಸಿದಿರಂತೆ. ದರ ಮೊದಲೇ ಬರೆದುಕೊಡಿ, ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಿ, ಕೊನೆಗೆ ಸಂತೃಪ್ತಿ ಪತ್ರ ಪಡೆಯಿರಿ ಎಂದಿರಂತೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ನಿಮ್ಮ ಶಿಷ್ಯರು ಮೊದಲಿನೆರಡನ್ನು ಅಲ್ಲೇ ಬಿಟ್ಟು ಕೊನೆಯದನ್ನಷ್ಟೇ ಮನೆಗೊಯ್ದಿದ್ದಾರೆ. ಅಂದು ಒಬ್ಬ ಕಕ್ಷಿದಾರನನ್ನಾದರೂ ಊಟಕ್ಕೆ ಕರೆದಿದ್ದಿರಾ?

ಇಷ್ಟನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಬಿಲ್ಲಿನ ಏಳನೇ ಸಾಲನ್ನು ನುಂಗಲಾಗಲಿಲ್ಲ. 'ದೂರವಾಣಿ ಸಮಾಲೋಚನೆ, ಹನ್ನೊಂದು ನಿಮಿಷ, ₹5,500.' ಅದು ನನ್ನ ಗಂಡ ತೀರಿಕೊಂಡ ಮರುದಿನದ ತಾರೀಖು. ವಕೀಲರು ಫೋನ್ ಮಾಡಿ, "ಅಕ್ಕಾರ, ಧೈರ್ಯ ತಗೋರಿ, ನಿಮ್ಮ ತಮ್ಮ ಅಂತ ನಾ ಇದ್ದೀನಿ" ಅಂದಿದ್ದರು. ಸೂತಕದ ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡೆ, ವಕೀಲರು ಖುದ್ದು ಮಾತಾಡಿದರು ಅಂತ. ನಾದಿನಿ ಬಂಡೆಮ್ಮ ಕಣ್ಣೊರೆಸಿಕೊಂಡು, "ದೇವರಂಥಾ ಮನಷ್ಯಾ ನೋಡವ್ವಾ" ಅಂದಳು. ದಾವೆಯ ಒಂದು ಮಾತೂ ಅಂದು ಬರಲಿಲ್ಲ. ನಾನು ಅಳುತ್ತಿದ್ದೆ, ಅವರು ಕೇಳುತ್ತಿದ್ದರು. ಗಡಿಯಾರ ನೋಡುತ್ತಿದ್ದರೆಂದು ನನಗೇನು ಗೊತ್ತು?

ಹದಿನೆಂಟರೊಳಗೆ ನನ್ನ ಖರೀದಿ ಪತ್ರ ನನ್ನ ಕೈಗೆ ಬರಬೇಕು. ಲಕೋಟೆಗಳನ್ನು ಕಳೆದು ಲೆಕ್ಕ ಬರೆಸಿ. ನ್ಯಾಯವಾಗಿ ಎಷ್ಟು ಉಳಿಯುತ್ತದೋ ಅಷ್ಟನ್ನೂ ಕಂತಿನಲ್ಲಿ ಕಟ್ಟುತ್ತೇನೆ, ಒಂದು ರೂಪಾಯಿ ಮುಳುಗಿಸುವುದಿಲ್ಲ. ಆದರೆ ಆ ಏಳನೇ ಸಾಲನ್ನು ವಕೀಲರು ನಿಮ್ಮೆದುರು ತಮ್ಮ ಕೈಯಾರೆ ಹೊಡೆದುಹಾಕಬೇಕು. ನನ್ನ ಗಂಡನಿಗಾಗಿ ನಾನು ಅತ್ತದ್ದಕ್ಕೆ ನಾನು ಫೀ ಕಟ್ಟುವುದಿಲ್ಲ.

ಇಂತಿ,
ವಕೀಲರನ್ನು ತಮ್ಮನೆಂದು ನಂಬಿ ಕೆಟ್ಟ
ಶಾರದಾಬಾಯಿ
ಹಿಟ್ಟಿನ ಗಿರಣಿ, ಕಮಲಾಪುರ